ಸಾಲಿಯ ವರಾಂಡ: ಒಂದು ಕಟ್ಟಡವನ್ನು ಓದುವ ಬಗೆ

ಬೆಳಗಾವಿಯ ಹಳೆಯ ಸಾಲಿ ಕಟ್ಟಡಗಳ ಬಗ್ಗೆ ಬರೆಯುವವರು ಮೂರು ಮಾತನ್ನು ತಪ್ಪದೆ ಬರೆಯುತ್ತಾರೆ: ಕಮಾನು ಚೆಂದ, ಗೋಡೆ ದಪ್ಪ, ಒಳಗೆ ತಂಪು. ಮೂರೂ ಖರೇ. ಕ್ಯಾಂಪಿನ ಕಡೆ ಹೋಗಿ ಕಲ್ಲಿನ ಕಮಾನಿನ ಕೆಳಗೆ ನಿಂತರೆ ಏಪ್ರಿಲ್ ಬಿಸಿಲಲ್ಲೂ ಮೈ ತಣ್ಣಗಾಗುತ್ತದೆ. ಆದರೆ ಈ ತಂಪನ್ನು ಯಾರಿಗಾಗಿ ಕಟ್ಟಿದರು, ಅದರ ಒಳಗೆ ಯಾರು ಕೂತರು, ಅದರ ಅಂಚಿಗೆ ಯಾರನ್ನು ಕೂಡ್ರಿಸಿದರು ಅನ್ನೋ ಪ್ರಶ್ನೆ ಆ ಬರಹಗಳಲ್ಲಿ ಬರುವುದಿಲ್ಲ. ದಲಿತ ವಿಮರ್ಶೆ ಇಷ್ಟು ವರ್ಷ ಕತೆ, ಕಾದಂಬರಿ, ವಚನ, ಕಾವ್ಯಗಳನ್ನು ಓದುತ್ತ ಬಂದಿದೆ. ಅಗ್ರಹಾರದ ಭಾಷೆಯನ್ನು ಗುರುತಿಸಲು ಕಲಿಸಿದೆ. ಅಗ್ರಹಾರದ ಗೋಡೆಯನ್ನು ಓದುವ ಕೆಲಸ ಮಾತ್ರ ಬಾಕಿ ಉಳಿದಿದೆ. ಕಟ್ಟಡವೂ ಒಂದು ಪಠ್ಯವೇ. ಅಕ್ಷರ ಬಾರದವರೂ ಅದನ್ನು ಓದಬಲ್ಲರು. ಎಲ್ಲಿ ನಿಲ್ಲಬೇಕು, ಎಲ್ಲಿಂದ ಮುಂದೆ ಹೋಗಬಾರದು ಎಂಬುದನ್ನು ಅದು ಅಕ್ಷರವಿಲ್ಲದೇ ಹೇಳುತ್ತದೆ.

ಇಲ್ಲಿ ನಾನು ಹೇಳಹೊರಟಿರುವುದು ವಿಕ್ಟೋರಿಯಾ ಕಾಲದ ಸಾಲಿ ಕಟ್ಟಡದ ಒಂದೇ ಒಂದು ಭಾಗದ ಬಗ್ಗೆ, ಅದರ ವರಾಂಡದ ಬಗ್ಗೆ. ಅದಕ್ಕೂ ಮೊದಲು ಆ ಕಟ್ಟಡ ಎಂಥದು, ಯಾಕೆ ಹಾಗಿದೆ ಎಂದು ತಿಳಿಯಬೇಕು.

ಇಂಗ್ಲೆಂಡಿನಲ್ಲಿ ಉಳ್ಳವರ ಮಕ್ಕಳ ವಸತಿ ಶಾಲೆಗೆ ಹೊಸ ರೂಪ ಬಂದದ್ದು ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯ ಥಾಮಸ್ ಆರ್ನಲ್ಡ್ ಕಾಲದಲ್ಲಿ, ಅಂದರೆ 1828ರಿಂದ 1842ರವರೆಗೆ. ಹುಡುಗನನ್ನು ಮನೆಯಿಂದ ಬಿಡಿಸಿ, ಇಪ್ಪತ್ನಾಲ್ಕು ತಾಸೂ ಶಾಲೆಯ ಕಣ್ಣಳತೆಯಲ್ಲಿಟ್ಟು, ಸಾಮ್ರಾಜ್ಯ ಆಳುವ ಗಂಡಸನ್ನಾಗಿ ಮಾಡುವ ಏರ್ಪಾಡು ಅದು. ಮುಂದೆ 1853ರಿಂದ 1887ರವರೆಗೆ ಅಪ್ಪಿಂಗ್‌ಹ್ಯಾಮ್ ಶಾಲೆಯನ್ನು ನಡೆಸಿದ ಎಡ್ವರ್ಡ್ ಥ್ರಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮೇಷ್ಟ್ರು ಎಷ್ಟೇ ಒಳ್ಳೆಯವನಿರಲಿ, ಕೊನೆಗೆ ಹುಡುಗರನ್ನು ತಿದ್ದುವುದು ಗೋಡೆಯೇ ಎಂಬುದು ಅವನ ನಂಬಿಕೆ. ಹಾಗಾಗಿಯೇ ಆ ಶಾಲೆಗಳಲ್ಲಿ ಪ್ರಾರ್ಥನೆಯ ಮನೆ, ಸಾಲಾಗಿ ಕೂತು ಉಣ್ಣುವ ದೊಡ್ಡ ಊಟದ ಮನೆ, ಸಾಲುಮಂಚದ ಮಲಗುವ ಕೋಣೆ, ನಡುವೆ ಅಂಗಳ, ಮೇಲೆ ಗಂಟೆಯ ಗೋಪುರ, ಇವೆಲ್ಲ ಲೆಕ್ಕ ಹಾಕಿ ಇಟ್ಟಂಥವು. ಚೂಪು ಕಮಾನಿನ ಗೋಥಿಕ್ ಶೈಲಿಯನ್ನು ಆರಿಸಿಕೊಂಡದ್ದಕ್ಕೂ ಕಾರಣ ಇತ್ತು. ಅದು ಚರ್ಚಿನ ಶೈಲಿ. ಕಣ್ಣು ತಾನಾಗೇ ಮೇಲಕ್ಕೆ ಹೋಗುತ್ತದೆ, ತಲೆ ತಾನಾಗೇ ಬಾಗುತ್ತದೆ.

ಕಿಟಕಿಯ ಲೆಕ್ಕ ಇನ್ನೂ ಸ್ವಾರಸ್ಯ. ಲಂಡನ್ನಿನ ಬಡವರ ಶಾಲೆಗಳಿಗೆ ನಕ್ಷೆ ಬರೆದ ಇ.ಆರ್. ರಾಬ್ಸನ್ 1874ರಲ್ಲಿ ಶಾಲಾ ವಾಸ್ತುವಿನ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಬೆಳಕು ಹುಡುಗನ ಎಡಗಡೆಯಿಂದ ಬೀಳಬೇಕು, ಇಲ್ಲವಾದರೆ ಬರೆಯುವ ಬಲಗೈಯ ನೆರಳು ಪಾಟಿಯ ಮೇಲೆ ಬೀಳುತ್ತದೆ ಎಂಬುದು ಆ ಕಾಲದ ಶಾಲಾ ವಾಸ್ತುವಿನ ಒಂದು ನಿಯಮ. ಕಿಟಕಿಯ ತಳ ಎತ್ತರಕ್ಕಿರಬೇಕು, ಕೂತ ಹುಡುಗನಿಗೆ ಬೀದಿ ಕಾಣಬಾರದು ಎಂಬುದು ಇನ್ನೊಂದು. ಈ ಎರಡು ನಿಯಮಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತವೆ.

ಈ ಕಟ್ಟಡ ನಮ್ಮ ಸೀಮೆಗೆ ಹೇಗೆ ಬಂತು? ಪೇಶ್ವೆಗಳು ಬಿದ್ದ 1818ರಲ್ಲೇ ಬೆಳಗಾವಿ ಕೋಟೆ ಕಂಪನಿಯ ಕೈಗೆ ಬಂತು. ಹಿಂದೆಯೇ ಫೌಜು ಬಂತು, ಫೌಜಿನ ಜೊತೆ ಪಾದ್ರಿಗಳು ಬಂದರು. ಲಂಡನ್ ಮಿಷನ್ನಿನವರ ಇಂಗ್ಲಿಷ್ ಸಾಲಿ 1832ರದು. ಇವತ್ತಿನ ಬೆನನ್ ಸ್ಮಿತ್ ಹೈಸ್ಕೂಲಿನ ಬೇರು ಅಲ್ಲಿದೆ. 1904ರಲ್ಲಿ ಲಂಡನ್ ಮಿಷನ್ ಇಲ್ಲಿಂದ ಸರಿದಾಗ ಅದು ಮೆಥೊಡಿಸ್ಟರ ಕೈಗೆ ಹೋಯಿತು. ಕ್ಯಾಂಪಿನ ಸೇಂಟ್ ಪಾಲ್ಸ್ 1856ರದು. ಸರದಾರ್ ಹೈಸ್ಕೂಲಿನ ಹೆಸರಲ್ಲೇ ದಕ್ಷಿಣ ಮರಾಠಾ ಸೀಮೆಯ ಸರದಾರರು ಕೂತಿದ್ದಾರೆ. ಇವುಗಳಲ್ಲಿ ಒಂದನ್ನು ಹಿಡಿದು ಬಯ್ಯುವುದು ನನ್ನ ಉದ್ದೇಶ ಅಲ್ಲ. ಮುಂಬಯಿ ಇಲಾಖೆಯ ತುಂಬ ಎದ್ದ ಒಂದು ಬಗೆಯ ಕಟ್ಟಡದ ಬಗ್ಗೆ ನಾನು ಮಾತಾಡುತ್ತಿದ್ದೇನೆ. 1854ರಲ್ಲಿ ಚಾರ್ಲ್ಸ್ ವುಡ್ ಶಿಕ್ಷಣದ ಮೇಲಿನ ತನ್ನ ಆದೇಶ ಕಳಿಸಿದ. ಸಾಲಿಗಳಿಗೆ ಸರಕಾರಿ ಅನುದಾನ ಶುರುವಾದದ್ದು ಅದರಿಂದ. ಲೋಕೋಪಯೋಗಿ ಇಲಾಖೆ ತಲೆ ಎತ್ತಿದ್ದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಹಾಗಾಗಿ ಸಾಲಿ, ಕಚೇರಿ, ದವಾಖಾನೆ, ಜೈಲು ಎಲ್ಲವೂ ಒಂದೇ ಕೈಯ ಗೀರು. ಇವತ್ತಿಗೂ ಹಳೆಯ ತಾಲೂಕು ಕಚೇರಿಗೂ ಹಳೆಯ ಸರಕಾರಿ ಸಾಲಿಗೂ ಬೋರ್ಡು ನೋಡದೆ ವ್ಯತ್ಯಾಸ ಹೇಳೋದು ಕಷ್ಟ.

ಇಲ್ಲಿಗೆ ಬಂದ ಕಟ್ಟಡ ಒಂದು ಹೊಸ ಅಂಗವನ್ನು ಬೆಳೆಸಿಕೊಂಡಿತು. ಅದೇ ವರಾಂಡ. ಆ ಮಾತೂ ಇಂಗ್ಲಿಷರಿಗೆ ಸಿಕ್ಕದ್ದು ಇಂಡಿಯಾದಲ್ಲೇ. ಬಿಸಿಲು ನೇರವಾಗಿ ಗೋಡೆಗೆ ಬೀಳಬಾರದು, ಮಳೆ ಕಿಟಕಿಗೆ ಬಡಿಯಬಾರದು ಎಂದು ಕೋಣೆಯ ಸುತ್ತ ಕಂಬ ನಿಲ್ಲಿಸಿ, ಎಂಟು ಹತ್ತು ಅಡಿ ಅಗಲದ ಒಂದು ನೆರಳಿನ ಪಟ್ಟಿಯನ್ನು ಸುತ್ತಿದರು. ಬೆಳಗಾವಿಯ ಮಳೆ ಕಂಡವರಿಗೆ ಇದರ ಅಗತ್ಯ ಹೇಳಬೇಕಾಗಿಲ್ಲ. ಖಾನಾಪುರದ ಮಳೆ ಅದಕ್ಕಿಂತ ಜೋರು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೋದರೆ ಆಷಾಢದಲ್ಲಿ ಆಕಾಶವೇ ಕಾಣುವುದಿಲ್ಲ. ಚೂಪಾದ ಮಾಡು, ಮುಂದೆ ಚಾಚಿದ ಸೂರು, ಸುತ್ತಲೂ ವರಾಂಡ, ಇವು ಈ ಮಳೆಗೆ ಕೊಟ್ಟ ಜವಾಬು.

ಖಾನಾಪುರದ ಹೆಸರು ಬಂದದ್ದು ಮಳೆಗಾಗಿ ಮಾತ್ರ ಅಲ್ಲ. ಈ ಕಟ್ಟಡಗಳ ಮೈಯನ್ನು ಬಿಡಿಸಿ ನೋಡಿದರೆ ಒಳಗೆ ಖಾನಾಪುರದ ಸೀಮೆ ಸಿಗುತ್ತದೆ. ತೊಲೆ ಜಂತಿಗಳಿಗೆ ಬೇಕಾದ ಸಾಗವಾನಿಯ ಕಾಡು ಆ ಕಡೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ ಆ ಕಡೆ. ಒಳ್ಳೆ ಜೇಡಿ ಮಣ್ಣೂ ಆ ಕಡೆ. ಮೊದಮೊದಲು ಮಾಡಿಗೆ ಕುಂಬಾರರು ತಿಗರಿಯಲ್ಲಿ ಮಾಡಿದ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಚಪ್ಪಟೆ ಮಂಗಳೂರು ಹೆಂಚು ಬಂತು. 1880ರ ದಶಕದ ಕೊನೆಗೆ ಲೋಂಡಾ ಮೇಲಿಂದ ರೈಲು ಬೆಳಗಾವಿ ಮುಟ್ಟಿದ ಮೇಲಂತೂ ಭಾರದ ಮಾಲಿಗೆ ದಾರಿ ಸಲೀಸಾಯಿತು. ಮುಂದೆ ಖಾನಾಪುರದಲ್ಲೇ ಹೆಂಚಿನ ಭಟ್ಟಿಗಳು ಎದ್ದು, ಊರಿನ ಹೆಸರೇ ಹೆಂಚಿಗೆ ಅಂಟಿಕೊಂಡಿತು.

ಇನ್ನು ಕೈಗಳ ಲೆಕ್ಕ. ಕಲ್ಲು ಒಡೆದವರು ವಡ್ಡರು. ಮಣ್ಣು ತುಳಿದವರು ಕುಂಬಾರರು. ಪಾಯ ತೋಡಿದವರು, ಬುಟ್ಟಿ ಹೊತ್ತವರು, ಸುಣ್ಣದ ಗಾಣದ ಹಿಂದೆ ಮುಂದೆ ದುಡಿದವರು ಕೇರಿಗಳಿಂದ ಬಂದ ಗಂಡಾಳು ಹೆಣ್ಣಾಳುಗಳು. ಗೋಡೆಯ ಮೇಲೆ ಹಾಕುವ ಅಮೃತಶಿಲೆಯ ಫಲಕದಲ್ಲಿ ಗವರ್ನರನ ಹೆಸರಿರುತ್ತದೆ, ಕಲೆಕ್ಟರನ ಹೆಸರಿರುತ್ತದೆ, ದುಡ್ಡು ಕೊಟ್ಟವರ ಹೆಸರಿರುತ್ತದೆ. ಇವರ ಹೆಸರು ಯಾವ ಫಲಕದಲ್ಲೂ ಇಲ್ಲ. ಇದು ಗೊತ್ತಿದ್ದ ವಿಚಾರವೇ, ಹೆಚ್ಚು ಬೆಳೆಸುವುದಿಲ್ಲ. ನನಗೆ ಮುಖ್ಯ ಅನಿಸುವುದು ಬೇರೆ: ಗೋಡೆ ಏಳುವಾಗ ಒಳಗೂ ಹೊರಗೂ ಓಡಾಡಿದ ಈ ಜನರ ಮಕ್ಕಳಿಗೆ, ಗೋಡೆ ಎದ್ದ ಮೇಲೆ ಒಳಗೆ ಬಾ ಅನ್ನುವವರು ಇರಲಿಲ್ಲ.

1856ರ ಜೂನಿನಲ್ಲಿ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಮುಂಬಯಿ ಸರಕಾರಕ್ಕೆ ಒಂದು ಅರ್ಜಿ ಹಾಕಿದ. ಫೀ ಕೊಡಲು ತಯಾರಿದ್ದೇನೆ, ಆದರೂ ಸರಕಾರಿ ಸಾಲಿಗೆ ನನ್ನನ್ನು ಸೇರಿಸಿಕೊಳ್ಳುತ್ತಿಲ್ಲ ಎಂಬುದು ಅವನ ದೂರು. ಅದೇ ಜುಲೈ 21ರಂದು ಸರಕಾರ ತೀರ್ಮಾನ ಬರೆಯಿತು. ನ್ಯಾಯ ಹುಡುಗನ ಕಡೆಗಿದೆ, ಆದರೆ ಈ ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಎದ್ದು ಹೋಗಿ ಸಾಲಿಯೇ ನಿರುಪಯೋಗಿ ಆಗುತ್ತದೆ ಎಂಬುದು ಅದರ ತಿರುಳು. ಕಾಗದ ಮೇಲಕ್ಕೆ ಹೋಯಿತು. 1857ರ ಜನವರಿಯಲ್ಲಿ ಗವರ್ನರ್ ಜನರಲ್, ಬಂಗಾಳದಲ್ಲಾಗಿದ್ದರೆ ಈ ಹುಡುಗನನ್ನು ಯಾವ ಸರಕಾರಿ ಸಾಲಿಯೂ ತಿರುಗಿ ಕಳಿಸುತ್ತಿರಲಿಲ್ಲ ಎಂಬ ಧಾಟಿಯಲ್ಲಿ ಬರೆದ. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ನಿರ್ದೇಶಕರು, ಸರಕಾರಿ ಸಾಲಿ ಎಲ್ಲ ವರ್ಗದವರಿಗೂ ತೆರೆದದ್ದು ಎಂದು ತತ್ವ ಹೇಳಿದರು. ನಡುವೆ ಒಂದು ದೊಡ್ಡ ಬಂಡಾಯವೇ ಆಗಿಹೋಗಿತ್ತು. ಜಾತಿಯ ತಂಟೆಗೆ ಹೋಗುವುದು ಸರಕಾರಕ್ಕೆ ಬೇಕಿರಲಿಲ್ಲ. ಇದನ್ನೆಲ್ಲ ಹೆಕ್ಕಿ ನಮ್ಮ ಮುಂದಿಟ್ಟವರು ಬಾಬಾಸಾಹೇಬ ಅಂಬೇಡ್ಕರ್. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಧಾರವಾಡದ ಈ ಹುಡುಗ ಇದ್ದಾನೆ.

ತತ್ವ ಎಲ್ಲರಿಗೂ ತೆರೆದ ಬಾಗಿಲು, ವ್ಯವಹಾರ ಮುಚ್ಚಿದ ಬಾಗಿಲು. ಈ ಎರಡರ ನಡುವೆ ಸರಕಾರಕ್ಕೊಂದು ಜಾಗ ಬೇಕಿತ್ತು. ಹುಡುಗ ಸಾಲಿಯಲ್ಲಿ ಇದ್ದಾನೆ ಎಂದು ವರದಿಯಲ್ಲಿ ಬರೆಯಲು ಬರಬೇಕು, ಕೋಣೆಯಲ್ಲಿ ಇಲ್ಲ ಎಂದು ಊರ ಗೌಡನಿಗೆ ಹೇಳಲೂ ಬರಬೇಕು. ಅಂಥ ಜಾಗ ಕಟ್ಟಡದಲ್ಲಿ ಮೊದಲೇ ತಯಾರಿತ್ತು. ಮಾಡಿನ ಕೆಳಗೆ, ಆದರೆ ಗೋಡೆಯ ಹೊರಗೆ. ಎಂಜಿನಿಯರು ಬಿಸಿಲು ಮಳೆಗಾಗಿ ಎಳೆದ ಗೆರೆಯ ಮೇಲೆ ಜಾತಿ ಬಂದು ಆರಾಮಾಗಿ ಕೂತಿತು. ಯಾರೂ ಹೊಸದಾಗಿ ಒಂದು ಕಲ್ಲನ್ನೂ ಇಡಬೇಕಾಗಲಿಲ್ಲ. ಮುಂಬಯಿ ಇಲಾಖೆಯ ಎಷ್ಟೋ ಸಾಲಿಗಳಲ್ಲಿ ದಲಿತ ಮಕ್ಕಳು ಹತ್ತಾರು ವರ್ಷ ವರಾಂಡದಲ್ಲಿ ಕೂತು ಕಲಿತದ್ದು ಹೀಗೆ. ನಮ್ಮ ಹಿರಿಯರ ಬಾಯಲ್ಲಿ ‘ನಾವು ಹೊರಗ ಕೂತು ಕಲತವರು’ ಅನ್ನೋ ಮಾತು ಬರುತ್ತದಲ್ಲ, ಅದು ರೂಪಕ ಅಲ್ಲ. ಅಳತೆ ಹಿಡಿದು ತೋರಿಸಬಹುದಾದ ಜಾಗ.

ಈಗ ಕಿಟಕಿಯ ನಿಯಮಗಳಿಗೆ ಬರೋಣ. ಒಳಗೆ ಕೂತವನಿಗೆ ಬೀದಿ ಕಾಣದಿರಲಿ ಎಂದು ಎತ್ತರಕ್ಕಿಟ್ಟ ಕಿಟಕಿ, ಹೊರಗೆ ನೆಲದ ಮೇಲೆ ಕೂತವನಿಗೆ ಕರಿಹಲಗೆ ಕಾಣದ ಹಾಗೆ ಮಾಡುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಕೂತ ಎಂಟು ವರ್ಷದ ಮಗುವಿನ ಕಣ್ಣು ನೆಲದಿಂದ ಎರಡಡಿಯ ಆಸುಪಾಸು. ಕಿಟಕಿಯ ತಳ ಮೂರು ಅಡಿಗಿದ್ದರೂ ಅದಕ್ಕೆ ಕಾಣುವುದು ಒಳಗಿನ ಮಾಡಿನ ಜಂತಿ ಮಾತ್ರ. ಬಾಗಿಲ ಎದುರಿಗೆ ಜಾಗ ಸಿಕ್ಕವನಿಗೆ ಹಲಗೆಯ ಒಂದು ಚೂರು. ಒಳಗಿನವನಿಗೆ ಬೆಳಕು ಎಡದಿಂದ. ಹೊರಗಿನವನು ಗೋಡೆಗೆ ಮುಖಮಾಡಿ ಕೂತರೆ ಬೆಳಕು ಬೆನ್ನಿಂದ, ಪಾಟಿಯ ಮೇಲೆ ತನ್ನದೇ ನೆರಳು. ಮೇಷ್ಟ್ರ ದನಿ ದಪ್ಪ ಗೋಡೆಯನ್ನು ದಾಟಿ ಬರಬೇಕು. ನಾವು ಹೊಗಳುವ ಆ ದಪ್ಪ ಗೋಡೆಯನ್ನೇ. ಆಷಾಢದ ಗಾಳಿಗೆ ಪಡುವಣದ ವರಾಂಡಕ್ಕೆ ಇರಚಲು ಹೊಡೆಯುತ್ತದೆ. ಅದಕ್ಕೆಂದೇ ಕೆಲವು ಕಡೆ ಕಂಬಗಳ ನಡುವೆ ತಟ್ಟಿ ಕಟ್ಟುತ್ತಿದ್ದರು. ತಟ್ಟಿ ಕಟ್ಟಿದರೆ ಮತ್ತೆ ಕತ್ತಲು. ಕೂತವನ ತಲೆಯ ಮೇಲೆ ಮಾಡು ಇದೆ, ಪಾಟಿ ಮಾತ್ರ ಒದ್ದೆ. ಪಾಠ ಒಪ್ಪಿಸುವಾಗ ಮೇಷ್ಟ್ರು ಪಾಟಿ ಮುಟ್ಟುತ್ತಿರಲಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿ. ಈ ಸ್ಥಿತಿಯಲ್ಲಿ ಕೂತ ಹುಡುಗ ಹಿಂದೆ ಬಿದ್ದರೆ ‘ಇವರಿಗೆ ವಿದ್ಯೆ ಹತ್ತೋದಿಲ್ಲ’ ಅಂತ ಷರಾ ಬರೆಯುವುದು ಸುಲಭ. ಆ ಷರಾ ಬರೆದವನು ಹುಡುಗನ ತಲೆಯನ್ನು ಅಳೆದ, ಕಿಟಕಿಯನ್ನು ಅಳೆಯಲಿಲ್ಲ.

ವರಾಂಡ ದಾಟಿದರೂ ಎಲ್ಲ ಮುಗಿಯಲಿಲ್ಲ. ಸಾತಾರೆಯ ಸಾಲಿಯಲ್ಲಿ ಬಾಲಕ ಅಂಬೇಡ್ಕರ್ ಕೋಣೆಯ ಒಳಗೇ ಇದ್ದರು, ಆದರೆ ಮನೆಯಿಂದ ತಂದ ಗೋಣಿತಾಟಿನ ಮೇಲೆ. ಪ್ಯೂನ್ ನಲ್ಲಿ ತಿರುಗಿಸಿದರೆ ನೀರು, ಪ್ಯೂನ್ ಇಲ್ಲದಿದ್ದರೆ ಬಾಯಾರಿಕೆ. ವರಾಂಡವೇ ಮಡಚಿಕೊಂಡು ಒಂದು ತಾಟಾಗಿ ಒಳಗೆ ಬಂದಿತ್ತು ಎನ್ನಬಹುದು.

ಇಲ್ಲಿ ಒಂದು ಸಣ್ಣ ಮಾತು. ಇಂಗ್ಲೆಂಡಿನ ಬಡವರ ಶಾಲೆಗಳಲ್ಲಿ ಹಿರಿಯ ಹುಡುಗ ಕಿರಿಯರಿಗೆ ಕಲಿಸುವ ‘ಮದ್ರಾಸ್ ಪದ್ಧತಿ’ ಹೋದದ್ದೇ ಇಲ್ಲಿಂದ. ಎಗ್ಮೋರಿನ ಅನಾಥಾಲಯ ನಡೆಸುತ್ತಿದ್ದ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳಿನ ಮೇಲೆ ಬೆರಳಿಂದ ಬರೆಯುವುದನ್ನು ನೋಡಿ ತನ್ನ ಪದ್ಧತಿ ಕಟ್ಟಿ, 1797ರಲ್ಲಿ ಅದನ್ನು ಅಚ್ಚು ಹಾಕಿಸಿದ. ನಮ್ಮ ಪಂಡಿತರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ: ನೋಡಿ, ನಮ್ಮ ಜಗುಲಿ ಸಾಲಿ ಎಷ್ಟು ದೊಡ್ಡದು. ಹೌದು, ಆದರೆ ಆ ಜಗುಲಿ ಯಾರ ಮನೆಯದು? ಅದರ ಮೇಲೆ ಹೊಲೆಯರ ಹುಡುಗ ಕೂತ ಉದಾಹರಣೆ ಕೊಡಿ ಅಂದರೆ ಸುಮ್ಮನಾಗುತ್ತಾರೆ. ವಸಾಹತುಶಾಹಿಯನ್ನು ಬಯ್ಯುವ ಭರದಲ್ಲಿ ಜಗುಲಿಯನ್ನು ಸ್ವರ್ಗ ಮಾಡುವುದು ಒಂದು ಅತಿ. ಬ್ರಿಟಿಷರ ಕಮಾನು ಕಂಡ ಕೂಡಲೇ ವಿಮೋಚನೆಯ ಬಾಗಿಲು ಎಂದು ಕೈ ಮುಗಿಯುವುದು ಇನ್ನೊಂದು ಅತಿ. ನಮ್ಮ ಗೆಳೆಯರಲ್ಲೇ ಕೆಲವರಿಗೆ ಈ ಎರಡನೆಯದರ ಕಡೆ ಒಲವಿದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಜಗುಲಿಯ ಮೇಲೆ ಅರ್ಜಿ ಹಾಕುವುದಕ್ಕೂ ಅವಕಾಶ ಇರಲಿಲ್ಲ, ಸರಕಾರಿ ಸಾಲಿಯ ಮೇಲೆ ಇತ್ತು, ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಆ ಅರ್ಜಿಗೆ ಬಂದ ಉತ್ತರವನ್ನೂ ನಾವು ಓದಬೇಕು.

ಅದೇ ಸರಕಾರದ ಇನ್ನೊಂದು ಕಟ್ಟಡದಲ್ಲಿ ಉತ್ತರ ಬೇರೆ ಇತ್ತು. ಫೌಜಿನ ಸಾಲಿಯಲ್ಲಿ ಸಿಪಾಯಿಗಳೂ ಅವರ ಮಕ್ಕಳೂ ಕಲಿಯಬೇಕಿತ್ತು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲ್ ಅಂಥ ಸಾಲಿಯಲ್ಲಿ ಮೇಷ್ಟ್ರಾಗಿದ್ದವರು. ಅಂದರೆ ಮನಸ್ಸು ಮಾಡಿದಲ್ಲಿ ಸರಕಾರಕ್ಕೆ ಮಹಾರ್ ಗುರುವೂ ಸಿಗುತ್ತಿದ್ದ. 1890ರ ದಶಕದಲ್ಲಿ ಮಹಾರರನ್ನು ಫೌಜಿಗೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು, ಆ ಬಾಗಿಲೂ ಮುಚ್ಚಿತು. ಮತ್ತೆ ಮಹಾರ್ ರೆಜಿಮೆಂಟು ಕಟ್ಟಿದ್ದು 1941ರ ಅಕ್ಟೋಬರ್‌ನಲ್ಲಿ. ಅದರ ಮೊದಲ ಪಡೆ ಎದ್ದದ್ದು ಇದೇ ಬೆಳಗಾವಿಯಲ್ಲಿ.

ವಸತಿ ಶಾಲೆಯ ಮಾತು ಇನ್ನೂ ಗಟ್ಟಿ. ತರಗತಿಯಲ್ಲಿ ಐದಾರು ತಾಸು ಪಕ್ಕ ಕೂಡುವುದನ್ನು ಹೇಗೋ ಸಹಿಸಿದವರೂ ಪಕ್ಕ ಕೂತು ಉಣ್ಣುವುದನ್ನು, ಪಕ್ಕ ಮಲಗುವುದನ್ನು ಸಹಿಸಲಿಲ್ಲ. ಇಂಗ್ಲಿಷ್ ನಕ್ಷೆಯ ಹೃದಯ ಅಂದರೆ ಆ ಉದ್ದ ಮೇಜಿನ ಊಟದ ಮನೆ. ನಮ್ಮಲ್ಲಿ ಮೊದಲು ಒಡೆದದ್ದು ಅದೇ. ಹಾಸ್ಟೆಲು ಜಾತಿಗೊಂದಾಯಿತು. ಪಕ್ಕದ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಲ್ಲಿ ಶುರುಮಾಡಿದ್ದರ ಹೆಸರೇ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್. ಆಮೇಲೆ ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ ಬೇರೆ ಬೇರೆ. 1908ರಲ್ಲಿ ಅಸ್ಪೃಶ್ಯ ಹುಡುಗರಿಗೆ ಮಿಸ್ ಕ್ಲಾರ್ಕ್ ಹಾಸ್ಟೆಲು. ಶಾಹು ಮಹಾರಾಜರ ಒಲವಿನ ಬಗ್ಗೆ ಅನುಮಾನಕ್ಕೆ ಜಾಗವಿಲ್ಲ. ಎಲ್ಲರೂ ಒಂದೇ ಕಡೆ ಉಣ್ಣುವ ತನಕ ಕಾದಿದ್ದರೆ ಒಂದು ಪೀಳಿಗೆ ಅಕ್ಷರವಿಲ್ಲದೆ ಹೋಗುತ್ತಿತ್ತು, ಅವರು ಕಾಯಲಿಲ್ಲ. ಮಿಷನ್ ಬೋರ್ಡಿಂಗುಗಳಲ್ಲಿ ಒಂದೇ ಪಂಕ್ತಿ ಉಳಿಯಿತು. ಅಲ್ಲಿ ಉಂಡ ಹುಡುಗನನ್ನು ಊರು ‘ಕೆಟ್ಟವನು’ ಎಂದು ಕರೆದದ್ದು ಧರ್ಮ ಬಿಟ್ಟ ಎಂಬುದಕ್ಕಷ್ಟೇ ಅಲ್ಲ, ಪಂಕ್ತಿ ಬೆರೆಸಿದ ಎಂಬುದಕ್ಕೂ.

1923ರ ಆಗಸ್ಟಿನಲ್ಲಿ ಮುಂಬಯಿ ಶಾಸನಸಭೆ ಎಸ್.ಕೆ. ಬೋಳೆಯವರ ಗೊತ್ತುವಳಿಯನ್ನು ಒಪ್ಪಿ, ಸಾರ್ವಜನಿಕ ಕೆರೆ ಬಾವಿಗಳ ಜೊತೆ ಸಾಲಿಗಳೂ ಅಸ್ಪೃಶ್ಯರಿಗೆ ತೆರೆದಿವೆ ಎಂದಿತು. 1925ರ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಯಲ್ಲೇ ಅಂಬೇಡ್ಕರರು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆಸಿದರು. 1928ರಲ್ಲಿ ಅವರು ದಲಿತ ವರ್ಗಗಳ ಶಿಕ್ಷಣ ಸಂಸ್ಥೆ ಕಟ್ಟಿದರು. ಹೈಸ್ಕೂಲು ಕಲಿಯುವ ಹುಡುಗರಿಗಾಗಿ ಆ ಸಂಸ್ಥೆ ನೋಡಿಕೊಂಡ ಹಾಸ್ಟೆಲುಗಳು ಐದು: ಪನ್ವೇಲ್, ಠಾಣೆ, ನಾಸಿಕ್, ಪುಣೆ, ಮತ್ತೆ ಧಾರವಾಡ. ಯಾವ ಊರಿನ ಸರಕಾರಿ ಸಾಲಿ 1856ರಲ್ಲಿ ಒಬ್ಬ ಹುಡುಗನನ್ನು ತಿರುಗಿ ಕಳಿಸಿತ್ತೋ ಅದೇ ಊರು. ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಅದೇ ಹೊತ್ತಿಗೆ ಕೆಲಸ ಮಾಡಿ 1930ರಲ್ಲಿ ವರದಿ ಕೊಟ್ಟ ಸ್ಟಾರ್ಟ್ ಸಮಿತಿಯಲ್ಲೂ ಅಂಬೇಡ್ಕರರಿದ್ದರು. ಸಾಲಿಗಳಲ್ಲಿ ಬೇರೆ ಕೂಡ್ರಿಸುವ ರೂಢಿ ಆಗಲೂ ಜೀವಂತವಿತ್ತು.

ನಮ್ಮ ಹಾಸ್ಟೆಲಿಗೆ ಕಮಾನು ಇರಲಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಎಷ್ಟೋ ಹಾಸ್ಟೆಲುಗಳು ನಡೆದದ್ದು ಬಾಡಿಗೆ ಮನೆಗಳಲ್ಲಿ. ಕೋಣೆಗೆ ಎಂಟು ಹತ್ತು ಜನ, ಟ್ರಂಕೇ ಮೇಜು, ಟ್ರಂಕೇ ಕಪಾಟು. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಕಾಲದ ಕಾನೂನು ಅತಿ ಬಡ ಮಗುವಿಗೂ ತರಗತಿಯಲ್ಲಿ ಎಂಟು ಚದರಡಿ ಎಂದು ಲೆಕ್ಕ ಹಿಡಿದಿತ್ತು. ನಮ್ಮ ಹುಡುಗರು ಓದು, ಊಟ, ನಿದ್ದೆ ಮೂರನ್ನೂ ಅದಕ್ಕಿಂತ ಬಹಳ ದೊಡ್ಡದಲ್ಲದ ಜಾಗದಲ್ಲಿ ಮುಗಿಸಿದ್ದಾರೆ. ಆದರೆ ಆ ಕಟ್ಟಡಕ್ಕೆ ನಮ್ಮ ಮಟ್ಟಿಗೆ ವರಾಂಡ ಇರಲಿಲ್ಲ, ಎಲ್ಲವೂ ಒಳಗೇ. 1973ರ ಬೂಸಾ ಗಲಾಟೆಯಲ್ಲಿ ಪೆಟ್ಟು ತಿಂದವರು ಹಾಸ್ಟೆಲ್ ಹುಡುಗರು, ಆಮೇಲೆ ದಲಿತ ಸಂಘರ್ಷ ಸಮಿತಿಗೆ ಕೈಕಾಲಾದವರೂ ಅವರೇ. ದಲಿತ ಸಾಹಿತ್ಯದ ಬಹುಪಾಲು ಅಂಥ ಕೋಣೆಗಳಲ್ಲಿ, ಬೇರೆಯವರು ಮಲಗಿದ ಮೇಲೆ ಬರೆದದ್ದು. ವಿಮರ್ಶಕರು ಈ ಬರವಣಿಗೆಯಲ್ಲಿ ‘ಏಕಾಂತ ಇಲ್ಲ, ಘೋಷಣೆ ಜಾಸ್ತಿ’ ಎಂದು ದೂರಿದ್ದುಂಟು. ಒಬ್ಬನೇ ಕೂಡುವ ಕೋಣೆ ಇದ್ದವರ ದೂರು ಅದು. 1990ರ ದಶಕದ ನಡುವಿನಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದು, ಅವಕ್ಕೆ ಸ್ವಂತ ಕಟ್ಟಡಗಳೂ ಎದ್ದವು. ಕಾಂಕ್ರೀಟಿನ ಆ ಕಟ್ಟಡಗಳನ್ನು ಯಾರೂ ಚೆಂದ ಅನ್ನುವುದಿಲ್ಲ. ಆದರೆ ಅಲ್ಲಿನ ಊಟದ ಮನೆಯಲ್ಲಿ ಬೇರೆ ಬೇರೆ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಉಣ್ಣಬೇಕು ಎಂಬುದು ನಕ್ಷೆಯಲ್ಲೇ ಇದೆ. ಅದು ನಕ್ಷೆಯಂತೆ ನಡೆಯುತ್ತಿದೆಯೋ ಎಂದು ಹೋಗಿ ನೋಡುವುದು ನಮ್ಮ ಕೆಲಸ.

2016ರಲ್ಲಿ ಬೆಳಗಾವಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಹಳೆಯ ಕಟ್ಟಡ ಉಳಿಸಬೇಕು ಎನ್ನುವವರೂ ಊರಲ್ಲಿದ್ದಾರೆ. ಉಳಿಸಲಿ, ನಾನಂತೂ ಕೆಡವಿ ಅನ್ನುವವನಲ್ಲ. ವಡ್ಡರ ಕೈಯ ಕಲ್ಲು, ಖಾನಾಪುರದ ಮಣ್ಣು, ಅದು ನಮ್ಮದೂ ಹೌದು. ಆದರೆ ಇಂಥ ಕಡೆ ಹೊಸ ಫಲಕ ಹಾಕುವಾಗ ಕಮಾನಿನ ಶೈಲಿಯ ಹೆಸರು ಬರೆದು ಮುಗಿಸಬಾರದು.

ಈ ಸಂಚಿಕೆ ಓದುವ ವಿದ್ಯಾರ್ಥಿಗಳು ಒಂದು ಅಳತೆ ಟೇಪು ಹಿಡಿದು ತಮ್ಮ ತಮ್ಮ ಊರಿನ ಹಳೆಯ ಸಾಲಿಗೆ ಹೋಗಲಿ. ಬೆಳಗಾವಿಯೇ ಆಗಬೇಕಿಲ್ಲ, ಖಾನಾಪುರವೋ ನಂದಗಡವೋ ಕಿತ್ತೂರೋ ಆದೀತು. ವರಾಂಡದ ಅಗಲ ಎಷ್ಟು, ನೆಲದಿಂದ ಕಿಟಕಿಯ ತಳ ಎಷ್ಟು ಎತ್ತರ, ಕೂತರೆ ಹಲಗೆ ಕಾಣುತ್ತದೋ ಇಲ್ಲವೋ, ನೀರಿನ ಜಾಗ ಯಾವ ಕಡೆ, ಯಾವ ದಿಕ್ಕಿನ ವರಾಂಡಕ್ಕೆ ಇರಚಲು ಬರುತ್ತದೆ, ಇಷ್ಟನ್ನು ಬರೆದುಕೊಳ್ಳಲಿ. ಆಮೇಲೆ ಕೇರಿಗೆ ಹೋಗಿ ಎಂಬತ್ತು ದಾಟಿದ ಅಜ್ಜ ಅಜ್ಜಿಯರನ್ನು ಕೇಳಲಿ: ಯಾವ ಕಂಬದ ಹತ್ತಿರ ನಿಮ್ಮನ್ನು ಕೂಡ್ರಿಸ್ತಿದ್ರು? ಅಂಥವರು ಇನ್ನು ಬಹಳ ಮಂದಿ ಉಳಿದಿಲ್ಲ. ಕೈಲಾದರೆ ಅವರನ್ನು ಸಾಲಿಗೆ ಕರೆದುಕೊಂಡು ಹೋಗಿ, ಆ ಕಂಬ ತೋರಿಸಲು ಹೇಳಲಿ.